ಅಮ್ಮಣ್ಣಿಯ ಕಾಲು ಮತ್ತು ಒಂದು ಕುರ್ಚಿ

ನನ್ನ ಭಾವನ ಅಪ್ಪ ಭೋಜರಾಜರು ಸತ್ತದ್ದು ನಿಂತುಕೊಂಡೇ. ನಾನು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಕೀಲ್ಪಾಕಿನ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಹೋಟೆಲಿನ ಕೌಂಟರಿನ ಹಿಂದೆ, ಎರಡೂ ಕೈ ಮೇಜಿನ ಮೇಲೆ ಊರಿ, ಬಾಗಿಲ ಕಡೆ ನೋಡುತ್ತ ನಿಂತಿದ್ದರು. ಪ್ರಾಣ ಹೋದದ್ದು ಇಡ್ಲಿಯ ಹೊತ್ತಿಗೆ, ನಮಗೆ ಗೊತ್ತಾದದ್ದು ಊಟದ ಹೊತ್ತಿಗೆ. ನಡುವೆ ಬಂದ ಗಿರಾಕಿಗಳೆಲ್ಲ ಅವರಿಗೆ ನಮಸ್ಕಾರ ಮಾಡಿ, ತಿಂದದ್ದರ ಹಣ ಮೇಜಿನ ಮೇಲಿಟ್ಟು ಹೋಗಿದ್ದರು. ಒಬ್ಬರು ಮಾತ್ರ, "ಯಜಮಾನರು ಇವತ್ತು ಮಾತು ಸ್ವಲ್ಪ ಕಮ್ಮಿ" ಎಂದಿದ್ದರಂತೆ.

ಯಜಮಾನ ಕೂರಬಾರದು ಎನ್ನುವುದು ಅವರ ಕಟ್ಟಳೆ. "ಉಡುಪಿಯಲ್ಲಿ ಕೃಷ್ಣ ನಿಂತಿದ್ದಾನೆ, ತಿರುಪತಿಯಲ್ಲಿ ತಿಮ್ಮಪ್ಪ ನಿಂತಿದ್ದಾನೆ. ಅನ್ನ ಹಾಕುವವರು ಯಾರೂ ಕೂತಿಲ್ಲ. ಕೂತ್ಕೊಳ್ಳಿಕ್ಕೆ ನಾವು ಯಾರು?" ಎಂದು ಅವರು ಹೇಳುತ್ತಿದ್ದರು. ಹಾಗಾಗಿ ನಮ್ಮ ಹೋಟೆಲಿನಲ್ಲಿ ಗಿರಾಕಿಗಳಿಗೆ ಬೆಂಚು, ನಮಗೆ ಕಾಲು. ಅವರು ಊರಿಗೆ ಹೋಗುವಾಗ ಬಸ್ಸಿನಲ್ಲೂ ಕೂರುತ್ತಿರಲಿಲ್ಲ. ಖಾಲಿ ಸೀಟಿನ ಪಕ್ಕ ರಾತ್ರಿಯಿಡೀ ನಿಂತಿರುವ ಅವರನ್ನು ನೋಡಿ ಕಂಡಕ್ಟರ್ ಹೆದರಿ, ಮಂಗಳೂರು ಬರುವತನಕ ತಾನೂ ಕೂರಲಿಲ್ಲವಂತೆ.

ಅವರು ತೀರಿಕೊಂಡಾಗ, ಸೂತಕದ ದಿನಗಳಲ್ಲಿ ಮಾತ್ರ, ಹೋಟೆಲಿನ ಅರ್ಧ ಷಟರ್ ಎಳೆದು ಕೌಂಟರಿನ ಹಿಂದೆ ಮೇಲಿನ ಮನೆಯ ಕುರ್ಚಿಯೊಂದನ್ನು ಇಟ್ಟರು. ಅದರ ಮೇಲೆ ನನ್ನ ಭಾವ ಮೋನಪ್ಪ ತಲೆ ಬೋಳಿಸಿಕೊಂಡು ಕೂತ. ಜನ ಬಂದು ಕೈ ಹಿಡಿದು ಹೋದರು. ಮುಂದೆ ಭಾವನ ಚಿಕ್ಕಪ್ಪ ಹೋದಾಗಲೂ ಹಾಗೆಯೇ ಕುರ್ಚಿ ಇಳಿಯಿತು, ಹಾಗೆಯೇ ಹತ್ತಿತು. ಹೀಗೆ ನಮ್ಮ ಬೀದಿಗೆ ಒಂದು ವಿಷಯ ಅಭ್ಯಾಸವಾಯಿತು: ಆ ಕೌಂಟರಿನ ಹಿಂದೆ ಕುರ್ಚಿ ಕಂಡರೆ ಮನೆಯಲ್ಲಿ ಯಾರೋ ಹೋಗಿದ್ದಾರೆ.

ಈ ಮನೆಯಲ್ಲಿ ಕೂರಲು ಪರವಾನಗಿ ಇದ್ದ ಏಕೈಕ ಗಂಡಸು ನಾನು, ಶೀನ. ಅಕ್ಕನ ಮದುವೆಯ ಮರುವರ್ಷ ಬಂದವನು ಇಲ್ಲಿಯೇ ಉಳಿದೆ. ಬೆಳಗ್ಗೆ ಸ್ಕೂಟರಿನಲ್ಲಿ ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ ತರಕಾರಿ ತರುವುದು ನನ್ನ ಕೆಲಸ. ನಿಂತುಕೊಂಡು ಸ್ಕೂಟರ್ ಓಡಿಸಲು ಬರುವುದಿಲ್ಲ. ಬರುತ್ತದೆಯೋ ಎಂದು ಭಾವ ಒಮ್ಮೆ ಯೋಚಿಸಿ ನೋಡಿದ್ದ.

ಭೋಜರಾಜರು ಹೋದ ಮೇಲೆ ಕೌಂಟರಿಗೆ ನಿಂತವಳು ನನ್ನ ಅಕ್ಕ ಅಮ್ಮಣ್ಣಿ. ಭಾವ ದೋಸೆಕಲ್ಲು ಬಿಟ್ಟು ಅಲ್ಲಾಡುವವನಲ್ಲ. ಅಕ್ಕನ ಹಾಗೆ ಕೌಂಟರ್ ನೋಡಿಕೊಳ್ಳುವವರನ್ನು ನಾನು ಕಂಡಿಲ್ಲ. ಒಳಗೆ ಕಾಲಿಟ್ಟವರ ಮುಖ ನೋಡಿಯೇ, "ಇವರಿಗೆ ಗಂಜಿ ಕೊಡಿ, ಹೊಟ್ಟೆ ಸರಿ ಇಲ್ಲ" ಎನ್ನುವಳು. ಮೆಡಿಕಲ್ ಕಾಲೇಜಿನ ಹುಡುಗಿಯರು ಪರೀಕ್ಷೆ ಬರೆದು ಬಂದರೆ ಪಾಸೋ ಫೇಲೋ ಎಂದು ಇವಳಿಗೆ ರಿಸಲ್ಟಿಗೆ ಮುಂಚೆ ಗೊತ್ತು. ಬಂದವರಿಗೆಲ್ಲ ಒಂದೇ ಮಾತು. ನಮ್ಮವರಾದರೆ "ಕೂತ್ಕೊಳ್ಳಿ", ತಮಿಳರಾದರೆ "ಉಕ್ಕಾರುಂಗೊ", ಸಾಹುಕಾರಪೇಟೆಯ ಸೇಟು ಬಂದರೆ "ಬೈಠಿಯೇ". ಅವರು ಕೂತು, "ಬಿಸಿ ಎಂತ ಉಂಟು?" ಎಂದು ಕೇಳುವರು. ಇವಳು ನಿಂತು ಹೇಳುವಳು. ದಿನವಿಡೀ ಇದೇ.

ಕಳೆದ ದೀಪಾವಳಿಗೆ ಮುಂಚೆ ಅಕ್ಕ ಅಟ್ಟದಿಂದ ದೊಡ್ಡ ಬಾಣಲೆ ಇಳಿಸಲು ಸ್ಟೂಲ್ ಹತ್ತಿದ್ದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು. ಮಗಳು ನಿಶ್ಮಿತಾ ಕೆಳಗೆ ಸ್ಟೂಲ್ ಹಿಡಿದುಕೊಂಡಿದ್ದಳು. ಅವಳು ಪೆರುಂಗುಡಿಯ ಆಫೀಸಿನಲ್ಲಿ ಕೆಲಸ ಮಾಡುವವಳು, ಮನೆಯಲ್ಲಿ ಅರ್ಧ ತಮಿಳು ಅರ್ಧ ಇಂಗ್ಲಿಷು ಮಾತಾಡುವವಳು.

"ಅಮ್ಮಾ! ಎನ್ನ ಇದು? ಕಾಲಲ್ಲಿ ಯಾರು ಪೆನ್ನಿನಲ್ಲಿ ಗೀಚಿದ್ದು?"

"ಎಂತ ಇಲ್ಲ. ಬಾಣಲೆ ಹಿಡಿ."

"ಎಂತ ಇಲ್ವಾ? ಶೀನ ಮಾಮಾ, ಇಲ್ಲಿ ಬಂದು ಪಾರುಂಗೊ!"

ನಾನು ಹೋಗಿ ನೋಡಿದೆ. ನಾನು ಅಕ್ಕನ ಕಾಲನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ಮೊಣಕಾಲಿನ ಹಿಂಬದಿಯಿಂದ ಹಿಮ್ಮಡಿಯವರೆಗೆ ಕೆಂಪು, ನೀಲಿ, ನೇರಳೆ ಬಣ್ಣದ ಸಣ್ಣ ಸಣ್ಣ ಗೆರೆಗಳು. ಒಂದೊಂದು ಕಡೆ ಜೇಡರ ಬಲೆಯಂತೆ ಸುತ್ತಲೂ ಹರಡಿದ್ದವು. ಮೀನಖಂಡದ ಮೇಲೆ ಕರಾವಳಿಯ ಎಲ್ಲ ಹೊಳೆಗಳೂ ಒಟ್ಟಿಗೆ ಸಮುದ್ರ ಹುಡುಕುತ್ತಿರುವಂತಿತ್ತು. ಸ್ವರ್ಣಾ, ಸೀತಾ, ನೇತ್ರಾವತಿ ಎಲ್ಲ ಇದ್ದವು. ಶಾಲೆಯಲ್ಲಿ ನನಗೆ ನಕ್ಷೆ ಬಿಡಿಸಲು ಬರುತ್ತಿರಲಿಲ್ಲ. ಅಕ್ಕ ಸುಮ್ಮನೆ ನಿಂತೇ ಬಿಡಿಸಿದ್ದಳು.

"ನೋಯ್ತದಾ?" ಎಂದೆ.

"ಸಂಜೆ ಹೊತ್ತಿಗೆ ಸ್ವಲ್ಪ ಉರಿ. ಕಾಲಿಗೆ ಕಲ್ಲು ಕಟ್ಟಿದ ಹಾಗೆ ಆಗ್ತದೆ, ಅಷ್ಟೇ. ಭಾವನಿಗೆ ಹೇಳ್ಬೇಡ."

"ಯಾಕೆ?"

"ಹೇಳ್ಬೇಡ ಅಂದ್ರೆ ಹೇಳ್ಬೇಡ."

ನಾನು ಹೇಳಲಿಲ್ಲ. ನಿಶ್ಮಿತಾ ಹೇಳಿದಳು, ರಾತ್ರಿ ಊಟಕ್ಕೆ ಕೂತಾಗ. ಭಾವ ಕೂತು ಊಟ ಮಾಡುವುದು ಮೇಲೆ ಮನೆಯಲ್ಲಿ ಮಾತ್ರ, ಅದೂ ಕಳ್ಳನ ಹಾಗೆ ಬೇಗ ಬೇಗ. ಅವನು ಹುಳಿ ಕಲಸುವುದನ್ನು ನಿಲ್ಲಿಸಿ ಹೆಂಡತಿಯ ಕಡೆ ನೋಡಿದ.

"ಕಾಲು ನೋವುಂಟಾ?"

"ಇಲ್ಲ," ಎಂದಳು ಅಕ್ಕ.

"ಇದ್ರೆ ಹೇಳು. ಮೇಲೆ ಮನೆಯಲ್ಲಿ ಆರಾಮ ಇರು. ಕೌಂಟರಿಗೆ ಬೇರೆ ಯಾರನ್ನಾದ್ರೂ ಇಡುವ."

ಅಕ್ಕ ತಟ್ಟೆ ತೆಗೆದುಕೊಂಡು ಎದ್ದುಬಿಟ್ಟಳು. ಆಗ ನನಗೆ ಅರ್ಥವಾಯಿತು. ಅವಳಿಗೆ ಕಾಲಿನ ಉರಿಗಿಂತ ಈ ಮಾತಿನ ಹೆದರಿಕೆ ದೊಡ್ಡದು. ಕೌಂಟರಿನಿಂದ ಮೇಲೆ ಹತ್ತಿದರೆ ಅವಳು ಮತ್ತೆ ಇಳಿಯುವುದಿಲ್ಲ. ಅವಳ ಅತ್ತೆ ಪದ್ದಮ್ಮನವರೂ ಒಂದು ದಿನ ಹೋಟೆಲಿನ ಕೆಲಸ ಬಿಟ್ಟು ಆರಾಮಕ್ಕೆ ಎಂದು ಮೇಲೆ ಹೋದವರು, ಎಷ್ಟೋ ವರ್ಷಗಳಿಂದ ಕಿಟಕಿಯಲ್ಲೇ ಇದ್ದಾರೆ.

"ಬೇರೆಯವರು ಯಾಕೆ ಅಪ್ಪ? ಒಂದು ಚೇರ್ ಹಾಕಿ," ಎಂದಳು ನಿಶ್ಮಿತಾ.

"ಕೌಂಟರಲ್ಲಿ ಚೇರಾ? ಹೋಟೆಲ್ ನಡೆಸುವವರು ಕೂತ್ರೆ ಗಿರಾಕಿ ಏಳ್ತಾನೆ. ಉಡುಪಿಯಲ್ಲಿ ಕೃಷ್ಣ ನಿಂತಿದ್ದಾನೆ, ತಿರುಪತಿಯಲ್ಲಿ..."

"ಶ್ರೀರಂಗದಲ್ಲಿ ಮಲಗಿದ್ದಾನೆ. ಅಲ್ಲಿ ಪುಳಿಯೋಗರೆ ಕೊಡೋದಿಲ್ವಾ?"

ಭಾವ ತಟ್ಟೆಯ ಕಡೆ ನೋಡಿದ. ದೋಸೆಕಲ್ಲಿನ ಎದುರು ಯಾರಿಗೂ ಸೋಲದ ಮನುಷ್ಯ. "ಮಜ್ಜಿಗೆ ಹಾಕು," ಎಂದ.

ಆಮೇಲೆ ಕೆಲವು ವಾರ ಮನೆಯ ಔಷಧ ನಡೆಯಿತು. ಭಾವ ಕಾಸಿದ ಎಣ್ಣೆ ತಂದು ಗಟ್ಟಿಯಾಗಿ ತಿಕ್ಕಲು ಹೇಳಿದ. ದೋಸೆಕಲ್ಲನ್ನು ತಿಕ್ಕಿ ತಿಕ್ಕಿ ಹೊಳೆಯಿಸಿದವನಿಗೆ ತಿಕ್ಕಿದರೆ ಹೋಗದ ಕಲೆ ಲೋಕದಲ್ಲಿ ಇದೆ ಎಂದು ಗೊತ್ತಿರಲಿಲ್ಲ. ಬಿಸಿನೀರಿನಲ್ಲಿ ಕಾಲು ಇಟ್ಟದ್ದಾಯಿತು, ಉರಿ ಹೆಚ್ಚಾಯಿತು. ಮಳೆ ಹಿಡಿದು ಬೀದಿಯಲ್ಲಿ ನೀರು ನಿಂತಾಗ ಗಿರಾಕಿ ಕಡಿಮೆಯಾದರು. ಆದರೂ ಅಕ್ಕ ನಿಂತೇ ಇದ್ದಳು. ಒಂದು ಕಾಲಿನ ಭಾರ ಇನ್ನೊಂದಕ್ಕೆ, ಇನ್ನೊಂದರ ಭಾರ ಇದಕ್ಕೆ. ಎರಡು ಮಕ್ಕಳನ್ನು ಸರದಿಯಲ್ಲಿ ಎತ್ತಿಕೊಂಡ ಹಾಗೆ.

ಕೊನೆಗೆ ನಿಶ್ಮಿತಾ ರಜೆ ಹಾಕಿ, "ನನ್ನ ಫ್ರೆಂಡ್ ಪ್ರೇರಣಾಳ ಮಗುವನ್ನು ನೋಡ್ಲಿಕ್ಕೆ ಹೋಗಿ ಬರ್ತೇವೆ" ಎಂದು ಅಪ್ಪನಿಗೆ ಸುಳ್ಳು ಹೇಳಿ ತಾಯಿಯನ್ನು ಹೊರಡಿಸಿದಳು. ನನ್ನನ್ನೂ ಕರೆದುಕೊಂಡಳು, ಸುಳ್ಳಿಗೆ ಸಾಕ್ಷಿ ಬೇಕಲ್ಲ. ಕ್ಲಿನಿಕ್ ಇದ್ದದ್ದು ನಮ್ಮ ಮನೆಯಿಂದ ಎರಡು ಬೀದಿ ಆಚೆ. ರಕ್ತನಾಳದ ಡಾಕ್ಟರ್ ಚಿನ್ಮಯಿ ಕನ್ನಡದವರೇ. ಅವರ ತಾತ ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ಬಂದು ಇಲ್ಲಿ ನೆಲೆಸಿದವರು.

"ಎಷ್ಟು ವರ್ಷದಿಂದ ನಿಂತ್ಕೊಂಡೇ ಕೆಲಸ ಮಾಡ್ತಿದೀರ?" ಎಂದು ಕೇಳಿದರು ಡಾಕ್ಟರ್.

ಅಕ್ಕ ನನ್ನ ಕಡೆ ನೋಡಿದಳು. "ಇವಳು ಹುಟ್ಟುವ ಮುಂಚಿನಿಂದ," ಎಂದಳು, ಮಗಳನ್ನು ತೋರಿಸಿ.

"ನಿಮ್ಮ ತಾಯಿಗೆ ಇತ್ತಾ ಹೀಗೆ?"

"ಇತ್ತು. ಸೀರೆ ಅಂಚಿನ ಹತ್ರ ಕಾಣ್ತಿತ್ತು. ನಾವು ಹಚ್ಚೆ ಅಂದ್ಕೊಂಡಿದ್ವು."

ಡಾಕ್ಟರ್ ನಕ್ಕರು. ಇದು ಚರ್ಮದ ಕೆಳಗಿನ ತೀರಾ ಸಣ್ಣ ನಾಳಗಳು ಹಿಗ್ಗಿ ಕಾಣಿಸಿಕೊಳ್ಳುವುದು, ಮನೆತನದಿಂದ ಬರುತ್ತದೆ, ಹೆರಿಗೆಯಿಂದ ಬರುತ್ತದೆ, ನಿಂತು ನಿಂತು ಹೆಚ್ಚುತ್ತದೆ ಎಂದರು. ಸಾಮಾನ್ಯವಾಗಿ ಅಪಾಯವಿಲ್ಲವಂತೆ. ಆದರೆ ಒಳಗಿನ ದೊಡ್ಡ ನಾಳಗಳು ಸರಿಯಾಗಿವೆಯೇ ಎಂದು ಮೊದಲು ಸ್ಕ್ಯಾನಿನಲ್ಲಿ ನೋಡಬೇಕು.

"ಇಲ್ಲಿ ಈ ಮೆಟ್ಲ ಮೇಲೆ ನಿಂತ್ಕೊಳ್ಳಿ," ಎಂದರು.

"ಇಲ್ಲಿಯೂ ನಿಲ್ಬೇಕಾ?" ಎಂದಳು ಅಕ್ಕ.

"ಸಾರಿ ಅಮ್ಮ. ನಿಂತಾಗ್ಲೇ ಅದರ ಕಷ್ಟ ಗೊತ್ತಾಗೋದು."

ಲೈಟ್ ಆರಿಸಿದರು. ಕಾಲಿಗೆ ತಣ್ಣನೆಯ ಅಂಟು ಹಚ್ಚಿ ಒಂದು ಪುಟ್ಟ ಯಂತ್ರ ಒತ್ತಿದರು. ಪರದೆಯ ಮೇಲೆ ಬೂದು ಬಣ್ಣದ ಮೋಡ ಕಾಣಿಸಿತು. ಡಾಕ್ಟರ್ ಅಕ್ಕನ ಮೀನಖಂಡವನ್ನು ಕೈಯಿಂದ ಹಿಂಡಿದರು. ಅಷ್ಟೇ. ಮೋಡದ ನಡುವೆ ನೀಲಿ ಬಣ್ಣ ಭಗ್ಗನೆ ಹೊತ್ತಿಕೊಂಡು ಮೇಲಕ್ಕೆ ಓಡಿತು. ಕೋಣೆಯ ತುಂಬ ಒಂದು ಶಬ್ದ ಬಂತು, ದೊಡ್ಡ ಅಲೆ ಮಳಲಿನ ಮೇಲೆ ಹತ್ತುವಾಗ ಬರುತ್ತದಲ್ಲ, ಹಾಗೆ.

ನಿಶ್ಮಿತಾ ಫೋನ್ ಕೆಳಗಿಟ್ಟಳು. ಅವಳು ಫೋನ್ ಕೆಳಗಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇದು ನಾನಾ?" ಎಂದು ಕೇಳಿದಳು ಅಕ್ಕ.

"ನೀವೇ. ಪಾದದಿಂದ ಹೃದಯಕ್ಕೆ ರಕ್ತ ವಾಪಸ್ ಹತ್ತಬೇಕಲ್ವಾ. ಮೇಲೆ ಎಳೆಯೋಕೆ ಯಾರೂ ಇಲ್ಲ. ನೀವು ನಡೆದಾಗ ಈ ಮೀನಖಂಡ ಹಿಂಡಿ ಹಿಂಡಿ ಮೇಲಕ್ಕೆ ಕಳಿಸುತ್ತೆ. ಇದನ್ನ ಇನ್ನೊಂದು ಹೃದಯ ಅಂತಾನೇ ಹೇಳಬಹುದು. ಹತ್ತಿದ್ದು ಕೆಳಗೆ ಬೀಳಬಾರದು ಅಂತ ಒಳಗೆ ಪುಟ್ಟ ಪುಟ್ಟ ಬಾಗಿಲು ಇದೆ. ನೋಡಿ, ತೆರೀತು. ಮುಚ್ಚಿತು."

ನೋಡಿದೆವು. ಎರಡು ಬಿಳಿ ರೆಪ್ಪೆಗಳು. ಮೀನಿನ ಬಾಯಿಯ ಹಾಗೆ ತೆರೆದವು, ಮುಚ್ಚಿದವು. ನಮ್ಮ ಹೋಟೆಲಿನ ಅಡುಗೆಮನೆಗೂ ಒಂದೇ ಕಡೆ ತೆರೆಯುವ ಬಾಗಿಲು ಇದೆ. ಭಾವ ಅದನ್ನು ಹಾಕಿಸಿ ಬಹಳ ಹೆಮ್ಮೆಪಟ್ಟಿದ್ದ. ಅಕ್ಕನ ಕಾಲೊಳಗೆ ಅಂಥದ್ದು ಸಾಲಾಗಿ ಇದ್ದವು, ಮತ್ತು ಯಾವುದೂ ಕಿರುಗುಟ್ಟುತ್ತಿರಲಿಲ್ಲ.

"ನಾನು ಸುಮ್ನೆ ನಿಂತಿರುವಾಗ?" ಎಂದಳು ಅಕ್ಕ.

"ಹಿಂಡೋರು ಯಾರೂ ಇರಲ್ಲ. ರಕ್ತ ಅಲ್ಲೇ ನಿಲ್ಲುತ್ತೆ, ಒತ್ತಡ ಜಾಸ್ತಿ ಆಗುತ್ತೆ. ಸಣ್ಣ ನಾಳಗಳು ಪಾಪ ತಾಳ್ಕೊಳಲ್ಲ."

"ಆದ್ರೂ ಇಷ್ಟು ವರ್ಷ ಹತ್ತುತ್ತಲೇ ಇತ್ತಾ?"

"ಒಂದು ದಿನಾನೂ ರಜಾ ಹಾಕಿಲ್ಲ."

ಅಕ್ಕ ಬಗ್ಗಿ ತನ್ನ ಕಾಲನ್ನು ನೋಡಿದಳು. ದಿನವಿಡೀ ಕೆಲಸ ಮಾಡಿ ಕೂಲಿ ಕೇಳದೆ ಹೋದವರನ್ನು ನೋಡುವ ಹಾಗೆ ನೋಡಿದಳು. "ಅಯ್ಯೋ ಪಾಪ," ಎಂದಳು ಕಾಲಿಗೆ.

ದೊಡ್ಡ ನಾಳಗಳೆಲ್ಲ ಗಟ್ಟಿ ಇದ್ದವು. ಮೇಲಿನ ಸಣ್ಣವಕ್ಕೆ ಇಂಜೆಕ್ಷನ್ ಕೊಡಬಹುದು, ಔಷಧ ಒಳಗೆ ಹೋದರೆ ನಾಳ ಮುಚ್ಚಿಕೊಂಡು ನಿಧಾನಕ್ಕೆ ಕರಗುತ್ತದೆ, ರಕ್ತ ಬೇರೆ ಒಳ್ಳೆಯ ದಾರಿ ಹಿಡಿಯುತ್ತದೆ ಎಂದರು ಡಾಕ್ಟರ್. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಕೆಲವು ಸಲ ಬರಬೇಕು.

"ಆದ್ರೆ ಒಂದು ಮಾತು," ಎಂದರು. "ಮತ್ತೆ ಹಾಗೇ ಇಡೀ ದಿನ ನಿಂತ್ರೆ ಹೊಸದು ಬರುತ್ತೆ. ಇಡೀ ದಿನ ಕೂತಿದ್ರೂ ಒಳ್ಳೇದಲ್ಲ." ಇದನ್ನು ನಿಶ್ಮಿತಾಳ ಕಡೆ ನೋಡಿ ಹೇಳಿದರು. "ಆಗಾಗ ಕೂತ್ಕೋಬೇಕು, ಎದ್ದು ಓಡಾಡಬೇಕು, ಹಿಮ್ಮಡಿ ಎತ್ತಿ ಇಳಿಸ್ಬೇಕು. ಕೌಂಟರಲ್ಲಿ ಚೇರ್ ಇದೆ ತಾನೇ?"

ನಾವು ಮೂವರೂ ಗೋಡೆಯ ಮೇಲಿದ್ದ ಕಾಲಿನ ಚಿತ್ರವನ್ನು ನೋಡತೊಡಗಿದೆವು.

ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸದ ಒಂದು ಬೆಳಗ್ಗೆ ಮೊದಲ ಇಂಜೆಕ್ಷನ್ ಆಯಿತು. ಭಾವನಿಗೆ ಈ ಸಲ ನಿಜ ಹೇಳಿದ್ದೆವು. ಸುಳ್ಳು ಹೇಳಲು ಪ್ರೇರಣಾಳಿಗೆ ಇನ್ನೊಂದು ಮಗು ಇರಲಿಲ್ಲ. ಕೂದಲಿನಂಥ ಸೂಜಿ. ಔಷಧ ಒಳಗೆ ಹೋಗುತ್ತಿದ್ದಂತೆ ನೇರಳೆ ಗೆರೆಯೊಂದು ಬಿಳುಚಿಕೊಂಡು, ಕವಲು ಕವಲಾಗಿ, ತುದಿಯ ತನಕ ಮಾಯವಾಯಿತು. "ಶೀನ, ಬಾ, ನೋಡು!" ಎಂದು ಅಕ್ಕ ಪರದೆಯ ಆಚೆಯಿಂದ ಕೂಗಿದ್ದಕ್ಕೆ ನಾನು ಓಡಿಹೋಗಿ ನೋಡಿದ್ದು. ನೇತ್ರಾವತಿ ಇತ್ತು. ನೇತ್ರಾವತಿ ಇಲ್ಲ. ಅಣೆಕಟ್ಟು ಕಟ್ಟುವವರು ಬಂದು ನೋಡಬೇಕಿತ್ತು.

ನಂತರ ಬಿಗಿಯಾದ ಕಾಲುಚೀಲ. ನಿಶ್ಮಿತಾ ಅದನ್ನು ಟಿ. ನಗರದಲ್ಲಿ ಅಂದಾಜಿಗೆ ತಂದಿದ್ದಳು, ಡಾಕ್ಟರ್ ಅಳತೆ ತೆಗೆದು ಬೇರೆ ಕೊಡಿಸಿದರು. ಅದನ್ನು ಹಾಕುವುದೆಂದರೆ ಬಾಳೆಹಣ್ಣಿಗೆ ಸಿಪ್ಪೆಯನ್ನು ವಾಪಸ್ ತೊಡಿಸಿದ ಹಾಗೆ. ನಾನು, ನಿಶ್ಮಿತಾ ಮತ್ತು ಒಬ್ಬ ನರ್ಸ್ ಸೇರಿ ಎಳೆದೆವು. ಹಾಕಿ ಆದ ಮೇಲೆ ನರ್ಸ್ ನೀರು ಕುಡಿದಳು.

"ಈಗ್ಲೇ ನಡೀರಿ," ಎಂದರು ಡಾಕ್ಟರ್. "ಕೂತ್ಕೋಬೇಡಿ, ನಿಂತ್ಕೋಬೇಡಿ, ನಡೀರಿ."

ನಡೆದೆವು. ಬೆಳಗಿನ ಆ ಹೊತ್ತು ಅಕ್ಕ ಯಾವಾಗಲೂ ಕೌಂಟರಿನಲ್ಲಿ ಇರುವ ಹೊತ್ತು. ಅವಳು ತಲೆ ಎತ್ತಿ ನೋಡುತ್ತ ನಡೆದಳು. ಬಾಗಿಲುಗಳ ಮುಂದೆ ರಂಗೋಲಿಗಳು, ಅವುಗಳ ನಡುವೆ ಕುಂಬಳದ ಹೂಗಳು.

"ಈ ರಸ್ತೆಯಲ್ಲಿ ಇಷ್ಟು ಮರ ಉಂಟಾ?" ಎಂದಳು.

"ನೀನು ಮದುವೆಯಾಗಿ ಬಂದಾಗಿನಿಂದ ಉಂಟು," ಎಂದೆ.

ಒಂದು ವಾರದ ನಂತರ ಇಂಜೆಕ್ಷನ್ ಆದ ಜಾಗ ಕಂದು ಬಣ್ಣಕ್ಕೆ ತಿರುಗಿತು. ಹೀಗೆ ಆಗುತ್ತದೆ, ನಿಧಾನಕ್ಕೆ ಹೋಗುತ್ತದೆ ಎಂದು ಡಾಕ್ಟರ್ ಮುಂಚೆಯೇ ಹೇಳಿದ್ದರು. ಭಾವನಿಗೆ ಅದನ್ನು ಯಾರೂ ಹೇಳಿರಲಿಲ್ಲ.

"ದುಡ್ಡು ಕೊಟ್ಟು ಪೆಟ್ಟು ತಿಂದು ಬಂದದ್ದಾ?" ಎಂದ.

"ಎರಡು ತಿಂಗಳು ವೆಯ್ಟ್ ಮಾಡಿ ಅಪ್ಪ," ಎಂದಳು ನಿಶ್ಮಿತಾ.

"ದೋಸೆ ಆದ್ರೆ ಎರಡು ನಿಮಿಷದಲ್ಲಿ ಗೊತ್ತಾಗ್ತದೆ."

ಪೊಂಗಲ್ ಕಳೆಯಿತು. ಗೆರೆಗಳು ನಿಜವಾಗಿಯೂ ಕಡಿಮೆಯಾಗುತ್ತಿದ್ದವು. ಆದರೆ ಅಕ್ಕ ನಿಲ್ಲುವುದು ಕಡಿಮೆಯಾಗಲಿಲ್ಲ. ಅದನ್ನು ನೋಡಲಾಗದೆ ನಿಶ್ಮಿತಾ ಒಂದು ದಿನ ಆಫೀಸಿಗೆ ಹೋಗುವ ಮುಂಚೆ ಮನೆಯ ಕುರ್ಚಿಯನ್ನು ಕೆಳಗೆ ತಂದು ಕೌಂಟರಿನ ಹಿಂದೆ ಇಟ್ಟಳು. ಭಾವ ಒಳಗೆ ದೋಸೆಕಲ್ಲಿನ ಎದುರಿದ್ದ. "ಕೂತ್ಕೋ ಅಮ್ಮ. ಫೈವ್ ಮಿನಿಟ್ಸ್," ಎಂದು ಹೇಳಿ, ಭುಜ ಹಿಡಿದು ಕೂರಿಸಿಯೇ ಹೋದಳು.

ಮೊದಲು ಒಳಗೆ ಬಂದವರು ರಮೇಶ್ ಸಾರ್. ರೈಲ್ವೆಯಿಂದ ನಿವೃತ್ತರಾದವರು, ದಿನಾ ಬೆಳಗ್ಗೆ ಒಂದು ಪ್ಲೇಟ್ ಇಡ್ಲಿ. ಅವರು ಬಾಗಿಲಲ್ಲೇ ನಿಂತರು. ಕುರ್ಚಿ ನೋಡಿದರು, ಅದರ ಮೇಲೆ ಅಕ್ಕನನ್ನು ನೋಡಿದರು. ಚಪ್ಪಲಿ ಬಿಟ್ಟು, ಹತ್ತಿರ ಬಂದು, ಮೆಲ್ಲಗೆ ಕೇಳಿದರು: "ಯಾವಾಗ ಆಯ್ತು ತಾಯಿ?"

"ಮಾರ್ಗಳಿಯಲ್ಲಿ ಆಯ್ತು ಸಾರ್," ಎಂದಳು ಅಕ್ಕ, ಇಂಜೆಕ್ಷನ್ ವಿಷಯ ಇವರಿಗೂ ಗೊತ್ತಾಯಿತಲ್ಲ ಎಂದು ನಾಚಿಕೊಂಡು.

"ನಮಗೆ ಹೇಳ್ಲೇ ಇಲ್ಲ!" ಎಂದರು ರಮೇಶ್ ಸಾರ್. ಅವರ ಕಣ್ಣು ತುಂಬಿತ್ತು. ಮಹಡಿಯ ಕಡೆ ಕೈ ಮುಗಿದು, ಇಡ್ಲಿ ತಿನ್ನದೆ ಹೋದರು.

ನಮ್ಮ ಬೀದಿಯಲ್ಲಿ ಸಾವಿನ ಸುದ್ದಿ ಬಸ್ಸಿಗಿಂತ ವೇಗ. ನಾನು ತರಕಾರಿ ಇಳಿಸುವ ಹೊತ್ತಿಗೆ ಹೂವಿನವಳು ಮಾಲೆ ತಂದಿದ್ದಳು. ಔಷಧದಂಗಡಿಯವನು ಅರ್ಧ ಷಟರ್ ಎಳೆದಿದ್ದ. ಉಡುಪಿಯಿಂದ ಫೋನ್ ಬಂದು, ಯಾವ ಟ್ರೈನಿಗೆ ಹೊರಡಲಿ ಎಂದು ಕೇಳಿದರು. ಒಬ್ಬ ಸೇಟು ಮೂರು ಬೀದಿ ದಾಟಿ ಬಂದು ಅಕ್ಕನಿಗೇ "ಬೈಠಿಯೇ, ಬೈಠಿಯೇ" ಎಂದ. ಅಕ್ಕ ಕಂಗಾಲಾಗಿ ಎದ್ದರೂ ಜನ ಅವಳನ್ನು ಸಮಾಧಾನ ಮಾಡಿ ಮತ್ತೆ ಕೂರಿಸುತ್ತಿದ್ದರು.

ನಾನು ಮಾಲೆ ಹಿಡಿದುಕೊಂಡು ಮೇಲೆ ಹೋದೆ. ಪದ್ದಮ್ಮ ಕಿಟಕಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು.

"ಯಾರು ಹೋದದ್ದು ಶೀನ?"

"ನೀವೇ ಪದ್ದಮ್ಮ."

ಅವರು ಮಾಲೆಯನ್ನು ತೆಗೆದುಕೊಂಡು ಮೂಸಿ ನೋಡಿದರು. "ಮಲ್ಲಿಗೆ ಒಳ್ಳೆದುಂಟು," ಎಂದು ದೇವರ ಫೋಟೊಕ್ಕೆ ಹಾಕಿದರು.

ಭಾವನಿಗೆ ಮಾತ್ರ ತಡೆಯಲಾಗಲಿಲ್ಲ. ಮಧ್ಯಾಹ್ನದ ಊಟ ಮುಗಿದು ಷಟರ್ ಎಳೆದ ಮೇಲೆ ಕುರ್ಚಿಯನ್ನು ತಾನೇ ಹೊತ್ತು ತಾರಸಿಗೆ ಹಾಕಿ ಬಂದ. ಪದ್ದಮ್ಮನ ಕೋಣೆಯಲ್ಲಿ ಎಲ್ಲರೂ ಇದ್ದೆವು. ನಿಶ್ಮಿತಾ ನಾನು ಫೋನ್ ಮಾಡಿದ್ದಕ್ಕೆ ಆಫೀಸಿನಿಂದ ಓಡಿ ಬಂದಿದ್ದಳು.

"ಬದುಕಿರುವ ಅಮ್ಮನಿಗೆ ಮಾಲೆ ಬಂತು. ಸಾಕಲ್ಲ?" ಎಂದ ಭಾವ. "ಸೋಮವಾರದಿಂದ ಕೌಂಟರಿಗೆ ಒಬ್ಬ ಬರ್ತಾನೆ. ಸತ್ಯಾತ್ಮ ಅಂತ, ನಮ್ಮ ಕಡೆಯವನೇ. ಇವಳು ಮೇಲೆ ಇರ್ಲಿ, ಕಾಲು ಚಾಚಿ ಇರ್ಲಿ. ನಾನು ಬೇಡ ಅಂತೇನೆಯಾ?"

"ಅಮ್ಮನಿಗೆ ಮೇಲೆ ಇರ್ಲಿಕ್ಕೆ ಇಷ್ಟ ಇಲ್ಲ ಅಪ್ಪ!"

"ಮತ್ತೆ ಎಂತ ಇಷ್ಟ? ಅಪ್ಪ ಕಟ್ಟಿದ ಹೋಟೆಲಲ್ಲಿ ಅಪ್ಪನ ಮಾತು ಬಿಡುದಾ?"

ಅಕ್ಕ ಮಂಚದ ಅಂಚಿಗೆ ಕೂತು ಕಾಲುಚೀಲ ಕಳಚತೊಡಗಿದಳು. ಇನ್ನು ಅದರ ಕೆಲಸ ಮುಗಿಯಿತು ಎನ್ನುವ ಹಾಗೆ ಮಡಚಿ ಇಟ್ಟಳು. ಅವಳು ಜಗಳವಾಡಿದ್ದರೆ ವಾಸಿ ಇತ್ತು.

ಪದ್ದಮ್ಮ ಸೊಸೆಯ ಕಾಲನ್ನೇ ನೋಡುತ್ತಿದ್ದರು. "ಹತ್ರ ಬಾ," ಎಂದರು. ಬೆರಳಿನಿಂದ ಮುಟ್ಟಿದರು. "ಇಲ್ಲೊಂದು ದೊಡ್ಡ ಬಲೆ ಇತ್ತಲ್ಲ? ಎಲ್ಲಿ ಹೋಯ್ತು?"

"ಮುಚ್ಚಿ ಹೋಯ್ತು ಅತ್ತೆ. ರಕ್ತ ಬೇರೆ ದಾರಿಯಲ್ಲಿ ಹೋಗ್ತದಂತೆ."

"ಹೀಗೂ ಮಾಡ್ಲಿಕ್ಕೆ ಆಗ್ತದಾ!" ಎಂದು ಅವರು ಬಹಳ ಹೊತ್ತು ಆ ಜಾಗವನ್ನೇ ಸವರಿದರು. ಆಮೇಲೆ ಮಗನ ಕಡೆ ತಿರುಗಿ, ತಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದರು. ಭಾವ ಗಾಬರಿಯಾಗಿ ಗೋಡೆ ನೋಡಿದ.

"ಗೋಡೆ ನೋಡ್ಬೇಡ. ಇದನ್ನು ನೋಡು."

ನೋಡಿದೆವು. ಅಕ್ಕನದು ಹೊಳೆಗಳಾದರೆ ಇದು ಇಡೀ ಮುಂಗಾರು. ಹಗ್ಗದಂತೆ ಉಬ್ಬಿದ ನರಗಳು, ಹಿಮ್ಮಡಿಯ ಮೇಲೆ ಕಪ್ಪುಗಟ್ಟಿದ ಚರ್ಮ, ಅದರ ನಡುವೆ ಎಂದೋ ಹುಣ್ಣಾಗಿ ಮಾಗಿದ ಬಿಳಿಯ ಕಲೆ. ಆ ಕಾಲುಗಳ ಮೇಲೆ ನಮ್ಮ ಹೋಟೆಲು ನಿಂತಿತ್ತು ಎಂದರೆ ಅದು ನನ್ನ ಉತ್ಪ್ರೇಕ್ಷೆ ಅಲ್ಲ.

"ಅಮ್ಮಾ, ಹೇಳ್ಲೇ ಇಲ್ಲ ನೀನು," ಎಂದ ಭಾವ. ಅವನ ಧ್ವನಿ ಸಣ್ಣದಾಗಿತ್ತು.

"ನಿನ್ನ ಅಪ್ಪ ಕೂರ್ಲಿಲ್ಲ. ಅವರು ನಿಂತಿರುವಾಗ ನಾನು ಹೇಗೆ ಕೂರುದು ಅಂತ ನಾನೂ ನಿಂತೆ."

"ಅಪ್ಪ ದೊಡ್ಡ ಮನುಷ್ಯ. ವ್ರತ ಅಂದ್ರೆ ವ್ರತ."

"ಎಂತ ವ್ರತ?" ಎಂದರು ಪದ್ದಮ್ಮ. "ಅವರಿಗೆ ಮೂಲವ್ಯಾಧಿ ಮಾರಾಯ. ಕೂತ್ರೆ ಪ್ರಾಣ ಹೋಗ್ತಿತ್ತು."

ಗೋಡೆಯ ಮೇಲಿನ ಫೋಟೊದಲ್ಲಿ ಭೋಜರಾಜರು ಎಂದಿನಂತೆ ನಿಂತಿದ್ದರು. ಅವರ ಮುಖದಲ್ಲಿದ್ದ ಆ ಗಂಭೀರ ಭಾವವನ್ನು ನಾನು ಅಷ್ಟು ವರ್ಷ ಭಕ್ತಿ ಎಂದುಕೊಂಡಿದ್ದೆ.

"ಮತ್ತೆ ಉಡುಪಿ ಕೃಷ್ಣ? ತಿರುಪತಿ ತಿಮ್ಮಪ್ಪ?" ಎಂದು ಭಾವ ಕೇಳಿದ.

"ಅದು ಆಮೇಲೆ ಸೇರಿಸಿದ್ದು. ಯಾಕೆ ಕೂರುದಿಲ್ಲ ಅಂತ ಗಿರಾಕಿಗಳು ಕೇಳಿದ್ರೆ ಎಂತ ಹೇಳುದು ಮತ್ತೆ? ಊಟ ಮಾಡುವ ಜಾಗದಲ್ಲಿ ಅದನ್ನೆಲ್ಲ ಹೇಳ್ಲಿಕ್ಕೆ ಆಗ್ತದಾ?"

"ಡಾಕ್ಟರಿಗಾದ್ರೂ ತೋರಿಸ್ಬಹುದಿತ್ತಲ್ಲ ತಾತ!" ಎಂದಳು ನಿಶ್ಮಿತಾ, ಫೋಟೊದ ಕಡೆಗೆ.

"ನಾಚಿಕೆ," ಎಂದರು ಪದ್ದಮ್ಮ. "ಅವರಿಗೆ ಅದು ನಾಚಿಕೆ, ನನಗೆ ಇದು ನಾಚಿಕೆ. ಇಬ್ಬರೂ ಮುಚ್ಚಿಕೊಂಡು ನಿಂತೆವು. ಆದ್ರೆ ಒಂದು ಹೇಳ್ತೇನೆ. ಅಷ್ಟು ನೋವಲ್ಲಿಯೂ ಬಂದವರಿಗೆಲ್ಲ ಮೊದಲು ಕೂತ್ಕೊಳ್ಳಿ ಅಂತಿದ್ರು. ಕೂರುದು ಎಷ್ಟು ಸುಖ ಅಂತ ಕೂರ್ಲಿಕ್ಕಾಗದವರಿಗೆ ಗೊತ್ತು."

ಭಾವ ಎದ್ದು ಹೋದ. ಸಂಜೆ ಗೋಳಿಬಜೆ ಕರಿಯಲು ಬಂದ. ಅವತ್ತಿನ ಗೋಳಿಬಜೆಗೆ ಉಪ್ಪು ಎರಡು ಸಲ ಬಿದ್ದಿತ್ತು. ಗಿರಾಕಿಗಳು ಸಾವಿನ ಮನೆ ಎಂದು ಸುಮ್ಮನೆ ತಿಂದರು. ಅಕ್ಕ ಕೌಂಟರಿನಲ್ಲಿ ನಿಂತಿದ್ದಳು. ಸೋಮವಾರಕ್ಕೆ ಹೆಚ್ಚು ದಿನ ಇರಲಿಲ್ಲ. ಬಂದವರ ಮುಖಗಳನ್ನು ಒಂದೊಂದಾಗಿ ನೋಡಿ ಇಟ್ಟುಕೊಳ್ಳುತ್ತಿದ್ದಳು.

ಮರುದಿನ ಬೆಳಗ್ಗೆ, ಹೋಟೆಲ್ ತುಂಬಿದ್ದ ಹೊತ್ತಿನಲ್ಲಿ, ಪದ್ದಮ್ಮ ನಿಶ್ಮಿತಾಳ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಜರಿ ಸೀರೆ ಉಟ್ಟಿದ್ದರು, ಹಿಂದಿನ ದಿನದ ಮಲ್ಲಿಗೆಯ ತುಂಡೊಂದನ್ನು ಮುಡಿದಿದ್ದರು.

ತೀರಿಕೊಂಡವರು ಇಡ್ಲಿಯ ಹೊತ್ತಿಗೆ ಬರುವುದು ನಮ್ಮ ಬೀದಿಗೆ ಹೊಸದು. ರಮೇಶ್ ಸಾರ್ ಅವರ ಕೈಯಲ್ಲಿದ್ದ ಇಡ್ಲಿ ಸಾಂಬಾರಿನಲ್ಲಿ ಮುಳುಗಿತು. ಅವರು ಎದ್ದು ನಿಂತರು. ಪಕ್ಕದವರೂ ಎದ್ದರು. ಮೆಡಿಕಲ್ ಕಾಲೇಜಿನ ಹುಡುಗಿಯರು ಎದ್ದರು, ಸೇಟು ಎದ್ದ. ಸ್ವಲ್ಪ ಹೊತ್ತಿನಲ್ಲಿ ಇಡೀ ಹೋಟೆಲು ಎದ್ದು ನಿಂತಿತ್ತು. ಭೋಜರಾಜರು ನೋಡಿದ್ದರೆ ಏನೆನ್ನುತ್ತಿದ್ದರೋ.

ಪದ್ದಮ್ಮ ಮುಂದಿನ ಬೆಂಚಿನಲ್ಲಿ ಆರಾಮವಾಗಿ ಕೂತರು. "ಒಂದು ಕಾಫಿ," ಎಂದರು.

ಅಕ್ಕನಿಗೆ ಅಭ್ಯಾಸದ ಮಾತೇ ಬಾಯಿಗೆ ಬಂತು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಉಕ್ಕಾರುಂಗೊ ಎಲ್ಲಾರುಂ."

ಎಲ್ಲರೂ ಕೂತರು. ನಿಂತು ಉಳಿದವಳು ಅವಳೊಬ್ಬಳೇ.

ಆಗ ಒಳಗಿನಿಂದ ಭಾವ ಬಂದ. ದೋಸೆಕಲ್ಲಿನ ಉರಿ ಆರಿಸಿದ ಸದ್ದು ನನಗೆ ಕೇಳಿತ್ತು. ಗಿರಾಕಿ ಇರುವಾಗ ಆ ಉರಿ ಆರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವನ ಕೈಯಲ್ಲಿ ಕುರ್ಚಿ ಇತ್ತು. ಯಾವ ಹೊತ್ತಿನಲ್ಲಿ ತಾರಸಿಯಿಂದ ಇಳಿಸಿದ್ದನೋ ಗೊತ್ತಿಲ್ಲ. ಕೌಂಟರಿನ ಹಿಂದೆ ಅದನ್ನು ಇಟ್ಟು, ಹೆಗಲ ಮೇಲಿನ ಬೈರಾಸು ತೆಗೆದು ಸೀಟನ್ನು ಒರೆಸಿದ. ಕೈಗಳನ್ನೂ ಒರೆಸಿದ. ಇನ್ನೊಮ್ಮೆ ಸೀಟನ್ನು ಒರೆಸಿದ. ರಮೇಶ್ ಸಾರ್ ಚಪ್ಪಲಿ ಬಿಡಲು ಹೋದವರು, ಪದ್ದಮ್ಮ ಕಾಫಿ ಹೀರುವುದನ್ನು ನೋಡಿ ಮತ್ತೆ ಹಾಕಿಕೊಂಡರು.

"ಕೂತ್ಕೊಳ್ಳಿ," ಎಂದ ಭಾವ, ಹೆಂಡತಿಗೆ. ಗಿರಾಕಿಗಳಿಗೆ ಹೇಳುವ ಧ್ವನಿಯಲ್ಲಿ.

ಅಕ್ಕ ಅವನನ್ನೇ ನೋಡಿದಳು. "ಸೋಮವಾರ?"

"ಸೋಮವಾರ ಅವನು ಬಂದು ದೋಸೆ ಹುಯ್ಯುದು ಕಲೀಲಿ. ನನಗೂ ಕಾಲುಂಟು."

ಅಕ್ಕ ಕೂತಳು. ಮೊದಲು ಅಂಚಿನಲ್ಲಿ, ಆಮೇಲೆ ಪೂರ್ತಿ. ಹಿಮ್ಮಡಿಯನ್ನು ಒಮ್ಮೆ ಎತ್ತಿ ಇಳಿಸಿದಳು. ಒಳಗೆ ಆ ಅಲೆ ಹತ್ತಿತೆಂದು ಅವಳ ಮುಖದಿಂದಲೇ ನನಗೆ ಗೊತ್ತಾಯಿತು.

"ಎಂತ ಕೊಡ್ಲಿ?" ಎಂದ ಭಾವ.

ಅವಳನ್ನು ಅಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅಕ್ಕ ಸ್ವಲ್ಪ ಯೋಚಿಸಿದಳು. ಕುರ್ಚಿಗೆ ಬೆನ್ನು ಕೊಟ್ಟು ಕೇಳಿದಳು:

"ಬಿಸಿ ಎಂತ ಉಂಟು?"

ಭಾವ ಕೈ ಕಟ್ಟಿ ನಿಂತು, ಇಡ್ಲಿಯಿಂದ ಶುರುಮಾಡಿದ.